ಬೆಕ್ಕು-ನಾಯಿಗಳ ಕೂದಲುಂಡೆ, ಮಲಬದ್ಧತೆ: ಹರಳೆಣ್ಣೆ ಬಾಟಲಿಗೆ ಕೈ ಹಾಕುವ ಮುಂಚೆ

ಬೆಕ್ಕು ಮೂಲೆ ಹಿಡಿದು ತಿಣುಕುತ್ತಿದ್ದರೆ, ನಾಯಿ ನಾಲ್ಕು ಕಡೆ ಕುಕ್ಕರಿಸಿ ಏನೂ ಆಗದೆ ಎದ್ದು ಬಂದರೆ, ನಮ್ಮ ಕಡೆ ಮೊದಲು ಹೊರಬರುವುದು ಹರಳೆಣ್ಣೆ. ಅದರಿಂದ ಆಗದಿದ್ದರೆ ತುಪ್ಪ, ಆಮೇಲೆ ಹಾಲು, ಕೊನೆಗೆ ಮೆಡಿಕಲ್ ಸ್ಟೋರಿನ ಎನಿಮಾ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಎಲ್ಲಿಯಾದರೂ ಆಗುವ ತಪ್ಪು ಇದೊಂದೇ: ಏನು ಕಟ್ಟಿಕೊಂಡಿದೆ ಎಂದು ನೋಡದೆ ಬಿಡಿಸಲು ಹೊರಡುವುದು. ಈ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ನೋಡುವ ಕೆಲಸ ಮೊದಲು, ನೀರು ಎರಡನೆಯದು, ನಾರು ಮೂರನೆಯದು, ಔಷಧ ಕೊನೆಗೆ. ಈ ಕ್ರಮ ತಲೆಕೆಳಗಾದಾಗಲೇ ಪ್ರಾಣಿ ಆಸ್ಪತ್ರೆ ಸೇರುವುದು.

ತೆಗೆದಿಟ್ಟುಕೊಳ್ಳಬೇಕಾದ ಸಾಮಾನು

ಸೂಜಿ ತೆಗೆದ 5 ಮಿಲಿಲೀಟರ್ ಸಿರಿಂಜ್, ಹಲ್ಲು ಒತ್ತಾಗಿರುವ ಸ್ಟೀಲ್ ಬಾಚಣಿಗೆ, ಒಂದು ಹಳೆ ಟವೆಲ್, ಟಾರ್ಚ್, ಅಳತೆಗೆ ಟೀ ಚಮಚ (5 ಮಿಲಿಲೀಟರ್) ಮತ್ತು ದೊಡ್ಡ ಚಮಚ (15 ಮಿಲಿಲೀಟರ್), ಅರ್ಧ ಕಿಲೋ ಸಿಹಿಗುಂಬಳ, ವಾಸನೆ-ಬಣ್ಣ-ಸಕ್ಕರೆ ಸೇರಿಸದ ಇಸಬಗೋಲ್ ಹೊಟ್ಟು. ಪ್ರಾಣಿಯ ತೂಕವೂ ಗೊತ್ತಿರಲಿ. ಅದನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಬಂದ ಅಂಕಿಯಿಂದ ನಿಮ್ಮ ತೂಕ ಕಳೆಯಿರಿ. ಔಷಧದ ಅಳತೆಗೆಲ್ಲ ತೂಕವೇ ಆಧಾರ.

ಹಂತ 1: ಕಟ್ಟಿರುವುದು ಮಲವೋ, ಮೂತ್ರವೋ?

ಇದೊಂದು ಹಂತವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ. ಹರಳು ಅಥವಾ ಲೋಳೆ ಅದರಲ್ಲಿ ಸಿಕ್ಕಿಕೊಂಡರೆ ಬೆಕ್ಕು ಮರಳಿನ ಟ್ರೇಗೆ ಹೋಗಿ ಕೂತು ತಿಣುಕುತ್ತದೆ. ನೋಡುವವರಿಗೆ ಅದು ಮಲಬದ್ಧತೆಯ ಹಾಗೆಯೇ ಕಾಣುತ್ತದೆ. ಮನೆಯವರು ಎಣ್ಣೆ ಕುಡಿಸಿ ಬೆಳಗಾಗಲಿ ಎಂದು ಕಾಯುತ್ತಾರೆ. ಅಷ್ಟರಲ್ಲಿ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪುತ್ತದೆ. ಮೂತ್ರ ಪೂರ್ತಿ ಕಟ್ಟಿದ ಬೆಕ್ಕು ಎರಡು ದಿನದೊಳಗೆ ಸಾಯಬಹುದು.

ಗುರುತು ಹಿಡಿಯುವುದು ಹೀಗೆ. ಮೂತ್ರ ಕಟ್ಟಿದ ಬೆಕ್ಕು ಹತ್ತು ನಿಮಿಷಕ್ಕೊಮ್ಮೆ ಟ್ರೇಗೆ ಹೋಗುತ್ತದೆ, ನಡುವೆ ಬಚ್ಚಲ ತೂಬಿನ ಹತ್ತಿರವೋ ಬಟ್ಟೆಯ ರಾಶಿಯ ಮೇಲೋ ಕೂರುತ್ತದೆ, ಮುಂದಿನ ಭಾಗವನ್ನು ಬಿಡದೆ ನೆಕ್ಕುತ್ತದೆ, ವಿಚಿತ್ರ ದನಿಯಲ್ಲಿ ಕೂಗುತ್ತದೆ. ಬಂದರೆ ಒಂದೆರಡು ಹನಿ, ಕೆಲವೊಮ್ಮೆ ರಕ್ತ ಬೆರೆತಿರುತ್ತದೆ. ಮಲ ಕಟ್ಟಿದ ಬೆಕ್ಕು ಬೆನ್ನು ಬಾಗಿಸಿ, ಹಿಂಗಾಲ ಮೇಲೆ ಅರ್ಧ ಎದ್ದು ಮುಕ್ಕುತ್ತದೆ. ಆದರೆ ಭಂಗಿಯೊಂದನ್ನೇ ನಂಬಬೇಡಿ. ಟ್ರೇಯ ಮರಳನ್ನು ಕೈಗವಸು ಹಾಕಿಕೊಂಡು ಕೆದಕಿ ಇವತ್ತಿನ ಒದ್ದೆ ಗಂಟು ಇದೆಯೇ ನೋಡಿ. ಗಂಡು ಬೆಕ್ಕು ತಿಣುಕುತ್ತಿದೆ, ಒದ್ದೆ ಗುರುತು ಎಲ್ಲೂ ಇಲ್ಲ ಎಂದಾದರೆ ಈ ಬರಹವನ್ನು ಅಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೊರಡಿ. ರಾತ್ರಿಯಾಗಿದ್ದರೂ ಹೊರಡಿ. ಹೊಟ್ಟೆ ಒತ್ತಿ ನೋಡಬೇಡಿ. ನಿಂಬೆಹಣ್ಣಿನಂತೆ ಬಿಗಿದ ಮೂತ್ರಚೀಲ ಒತ್ತಿದರೆ ಒಡೆಯಬಹುದು.

ಭೇದಿಯಾದ ಪ್ರಾಣಿಯೂ ತಿಣುಕುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ದೊಡ್ಡ ಕರುಳು ಊದಿದಾಗ ಒಳಗೆ ಏನೂ ಇಲ್ಲದಿದ್ದರೂ ಮುಕ್ಕುವುದು ನಿಲ್ಲುವುದಿಲ್ಲ. ಸಿಂಬಳದಂಥ ಲೋಳೆ, ಚೂರು ರಕ್ತ, ನೀರಾದ ಮಲ ಕಂಡರೆ ಅದಕ್ಕೆ ಮಲ ಸಡಿಲಿಸುವ ಔಷಧ ಕೊಡಬಾರದು. ಗಟ್ಟಿ ಮಲದ ಪಕ್ಕದಿಂದ ನೀರು ಜಿನುಗಿಯೂ ಹೀಗೆ ಕಾಣಬಹುದು. ಯಾವುದೆಂದು ತಿಳಿಯದಿದ್ದರೆ ವೈದ್ಯರು ಮುಟ್ಟಿ ನೋಡಿಯೇ ಹೇಳಬೇಕು.

ಹಂತ 2: ಬಾಲದ ಕೆಳಗೆ, ನಾಲಿಗೆಯ ಕೆಳಗೆ

ಪಮೇರಿಯನ್, ಶಿಟ್ಜು ನಾಯಿಗಳಲ್ಲೂ ಪರ್ಷಿಯನ್ ಬೆಕ್ಕುಗಳಲ್ಲೂ ಅರ್ಧ ಸಮಸ್ಯೆ ಇಲ್ಲೇ ಬಗೆಹರಿಯುತ್ತದೆ. ಬಾಲ ಎತ್ತಿ ಟಾರ್ಚ್ ಬಿಡಿ. ಗುದದ್ವಾರದ ಸುತ್ತಲ ಕೂದಲು ಮಲದ ಜೊತೆ ಸೇರಿ ಮುಚ್ಚಳದ ಹಾಗೆ ಗಂಟು ಕಟ್ಟಿರುತ್ತದೆ. ಒಳಗೆ ಮಲಬದ್ಧತೆ ಇರುವುದೇ ಇಲ್ಲ, ಬಾಗಿಲು ಮುಚ್ಚಿರುತ್ತದೆ ಅಷ್ಟೇ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಐದು-ಹತ್ತು ನಿಮಿಷ ಇಟ್ಟು ನೆನೆಸಿ. ಚರ್ಮಕ್ಕೂ ಗಂಟಿಗೂ ನಡುವೆ ಬಾಚಣಿಗೆ ತೂರಿಸಿ, ಬಾಚಣಿಗೆಯ ಮೇಲ್ಭಾಗದಲ್ಲಿ ಮಾತ್ರ ಕತ್ತರಿ ಆಡಿಸಿ. ಬಾಚಣಿಗೆ ಇಲ್ಲದೆ ಕತ್ತರಿಸಿದರೆ ಆ ತೆಳು ಚರ್ಮ ಕಾಗದದ ಹಾಗೆ ಸೀಳುತ್ತದೆ. ಟ್ರಿಮ್ಮರ್ ಇದ್ದರೆ ಇನ್ನೂ ಒಳ್ಳೆಯದು. ಗಂಟಿನಡಿ ಹುಳು ಬಿದ್ದಿದ್ದರೆ ಮನೆಯಲ್ಲಿ ಕೈ ಹಾಕಬೇಡಿ.

ಹಾಗೆಯೇ ನೋಡಿ: ಗುದದ ಒಂದು ಪಕ್ಕ ಊದಿದೆಯೇ? ಸಂತಾನಹರಣ ಮಾಡಿಸದ ವಯಸ್ಸಾದ ಗಂಡು ನಾಯಿಯಲ್ಲಿ ಅದು ಹರ್ನಿಯಾ ಇರಬಹುದು. ಮಲ ಲಾಡಿಯಂತೆ ಚಪ್ಪಟೆಯಾಗಿ ಬರುತ್ತಿದ್ದರೆ ಪ್ರಾಸ್ಟೇಟ್ ಗ್ರಂಥಿ ಊದಿ ಕರುಳನ್ನು ಒತ್ತುತ್ತಿರಬಹುದು. ಎರಡಕ್ಕೂ ಕುಂಬಳಕಾಯಿ ಪರಿಹಾರವಲ್ಲ.

ಗುದದಿಂದ ದಾರ ಇಣುಕುತ್ತಿದ್ದರೆ ಎಳೆಯಲೇಬೇಡಿ. ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ಬೆಕ್ಕುಗಳಿಗೆ ಎಳೆಯೇ ಆಟದ ಸಾಮಾನು. ಹೂ ಕಟ್ಟುವ ದಾರ, ಗಾಳಿಪಟದ ಮಾಂಜಾ, ಹೊಲಿಗೆಯ ನೂಲು ಎಲ್ಲ ಒಂದೇ. ದಾರದ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದಿರುತ್ತದೆ. ಕರುಳು ದಾರದ ಮೇಲೆ ನೆರಿಗೆ ಕಟ್ಟುತ್ತದೆ. ಎಳೆದರೆ ದಾರ ಕರುಳನ್ನು ಗರಗಸದ ಹಾಗೆ ಕೊಯ್ಯುತ್ತದೆ. ಬಾಯಿ ತೆರೆದು, ಗಂಟಲಿನ ಹೊರಗಿನಿಂದ ಹೆಬ್ಬೆರಳಲ್ಲಿ ನಾಲಿಗೆಯನ್ನು ಮೆಲ್ಲಗೆ ಮೇಲೆತ್ತಿ, ಅಡಿಯಲ್ಲಿ ಎಳೆ ಇದೆಯೇ ನೋಡಿ. ಇದ್ದರೆ ಎಳೆಯದೆ, ಕತ್ತರಿಸದೆ ಹಾಗೇ ವೈದ್ಯರಿಗೆ ತೋರಿಸಿ.

ಬಾಯಿ ತೆರೆದಾಗಲೇ ವಸಡು ಮುಟ್ಟಿ. ಜಾರುವಂತಿದ್ದರೆ ಸರಿ. ಬೆರಳಿಗೆ ಅಂಟಿದರೆ ದೇಹದಲ್ಲಿ ನೀರು ಕಡಿಮೆಯಾಗಿದೆ.

ಹಂತ 3: ಗಂಟೆ ಲೆಕ್ಕ, ತಿಂದ ಲೆಕ್ಕ

ಆರೋಗ್ಯವಂತ ಬೆಕ್ಕು ಸಾಮಾನ್ಯವಾಗಿ ದಿನಕ್ಕೊಮ್ಮೆ, ನಾಯಿ ಒಂದೆರಡು ಸಲ ಮಲ ಮಾಡುತ್ತದೆ. ಒಂದು ದಿನ ತಪ್ಪಿದರೆ ಗಾಬರಿ ಬೇಡ. 24ರಿಂದ 48 ಗಂಟೆಯಾಗಿದ್ದು ಪ್ರಾಣಿ ತಿನ್ನುತ್ತಿದೆ, ಕುಡಿಯುತ್ತಿದೆ, ವಾಂತಿ ಇಲ್ಲ ಎಂದಾದರೆ ಮನೆಯ ಆರೈಕೆ ಸಾಕು. 48 ಗಂಟೆ ದಾಟಿದರೆ ವೈದ್ಯರಿಗೆ ಫೋನ್ ಮಾಡಿ. 72 ಗಂಟೆಯಾದ ಮೇಲೆ ಮನೆಯಲ್ಲಿ ಏನನ್ನೂ ಪ್ರಯತ್ನಿಸಬೇಡಿ. ಮಲ ಹೆಚ್ಚು ಹೊತ್ತು ನಿಂತಷ್ಟೂ ದೊಡ್ಡ ಕರುಳು ಅದರ ನೀರನ್ನು ಹೀರುತ್ತದೆ, ಮಲ ಕಲ್ಲಾಗುತ್ತದೆ, ಕರುಳು ಹಿಗ್ಗುತ್ತದೆ. ಮತ್ತೆ ಮತ್ತೆ ಹಿಗ್ಗಿದ ಕರುಳು ಕೊನೆಗೆ ಸಂಕುಚಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಬೆಕ್ಕುಗಳಲ್ಲಿ ಇದು ಹೆಚ್ಚು.

ಎರಡು ದಿನದಿಂದ ತಿಂದೇ ಇಲ್ಲದ ಪ್ರಾಣಿಗೆ ಮಲ ಬರದಿರುವುದು ಮಲಬದ್ಧತೆಯಲ್ಲ. ಯಾಕೆ ತಿನ್ನುತ್ತಿಲ್ಲ ಎಂಬುದು ಅಲ್ಲಿಯ ಪ್ರಶ್ನೆ.

ನಾಯಿಯ ವಿಷಯದಲ್ಲಿ ಕ್ಯಾಲೆಂಡರನ್ನೂ ನೋಡಿ. ಯುಗಾದಿಯ ಮರುದಿನ ಹೊಸತೊಡಕು, ಮಾಂಸದೂಟದ ದಿನ. ಅದಾದ ಎರಡು-ಮೂರು ದಿನಕ್ಕೆ ನಾಯಿ ತಿಣುಕಿದರೆ ಕಾರಣ ಮೂಳೆ. ಅಗಿದ ಮೂಳೆಯ ಪುಡಿ ಕರುಳಿನಲ್ಲಿ ಸಿಮೆಂಟಿನ ಹಾಗೆ ಕೂರುತ್ತದೆ. ಬಿಳಿಚಿಕೊಂಡ, ಹಿಸುಕಿದರೆ ಸುಣ್ಣದಂತೆ ಉದುರುವ ಮಲವೇ ಅದಕ್ಕೆ ಸಾಕ್ಷಿ. ಬೇಯಿಸಿದ ಮೂಳೆ ಚೂಪಾಗಿ ಸೀಳುವುದರಿಂದ ಚುಚ್ಚುವ ಭಯವೂ ಇದೆ. ಮೂಳೆ ತಿಂದ ನಾಯಿ ತಿಣುಕುವಾಗ ಕಿರುಚಿದರೆ, ರಕ್ತ ಕಂಡರೆ ಮನೆಮದ್ದು ಬೇಡ.

ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿಯಲ್ಲಿ ಇನ್ನೊಂದು ಅಪಾಯ, ವಾಟೆ. ನಾಯಿ ಇಡೀ ವಾಟೆ ನುಂಗಿದರೆ ಅದು ಸಣ್ಣ ಕರುಳಿನಲ್ಲಿ ಬಿರಡೆಯಾಗಿ ಕೂರುತ್ತದೆ. ತಿಪಟೂರು ಕಡೆಯ ತೋಟದ ಮನೆಗಳಲ್ಲಿ ತೆಂಗಿನ ನಾರು, ಕರಟದ ಚೂರು ಇದೇ ಕೆಲಸ ಮಾಡುತ್ತವೆ. ಪದೇ ಪದೇ ವಾಂತಿ, ಊಟ ಬಿಟ್ಟಿರುವುದು, ಹೊಟ್ಟೆ ಮುಟ್ಟಿದರೆ ನರಳುವುದು: ಇವು ಕರುಳು ಮುಚ್ಚಿದ ಲಕ್ಷಣ. ಮುಚ್ಚಿದ ಕರುಳಿಗೆ ಇಸಬಗೋಲ್, ಎಣ್ಣೆ, ಸಿರಪ್ ಯಾವುದನ್ನೂ ಹಾಕಬಾರದು.

ಆರು ತಿಂಗಳೊಳಗಿನ ಮರಿ, ಗಬ್ಬದ ಪ್ರಾಣಿ, ಮೂತ್ರಪಿಂಡದ ಕಾಯಿಲೆ ಅಥವಾ ಸಕ್ಕರೆ ಕಾಯಿಲೆ ಇರುವ ಪ್ರಾಣಿ, ಹಿಂದೆ ಗಾಡಿಗೆ ಸಿಕ್ಕಿ ಸೊಂಟದ ಮೂಳೆ ಮುರಿದ ಪ್ರಾಣಿ ಇವಕ್ಕೆ ಮುಂದಿನ ಹಂತಗಳು ವೈದ್ಯರನ್ನು ಕೇಳಿದ ಮೇಲೆಯೇ. ತಾಯಿಯಿಲ್ಲದ, ಎರಡು-ಮೂರು ವಾರದೊಳಗಿನ ಮರಿಗಳ ಮಾತು ಬೇರೆ. ಅವು ತಾವಾಗಿ ಮಲಮೂತ್ರ ಮಾಡಲಾರವು. ಪ್ರತಿ ಸಲ ಹಾಲು ಕುಡಿಸಿದ ಮೇಲೂ ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಬಾಲದ ಕೆಳಗೆ ಒಂದು ನಿಮಿಷ ಮೆಲ್ಲಗೆ ಸವರಿ. ತಾಯಿ ನೆಕ್ಕಿ ಮಾಡಿಸುವ ಕೆಲಸವನ್ನು ನೀವು ಮಾಡುತ್ತಿದ್ದೀರಿ.

ಹಂತ 4: ಮೊದಲು ನೀರು

ಬೆಕ್ಕಿಗಾಗಲಿ ನಾಯಿಗಾಗಲಿ ದಿನಕ್ಕೆ ಸುಮಾರು ಕಿಲೋಗೆ 50 ಮಿಲಿಲೀಟರ್ ನೀರು ಬೇಕು, ಆಹಾರದೊಳಗಿನದೂ ಸೇರಿ. ಒಣ ಕಾಳಿನ ಆಹಾರದಲ್ಲಿ ಇರುವುದು ನೂರಕ್ಕೆ ಸುಮಾರು ಹತ್ತು ಭಾಗ ನೀರು, ಪೌಚಿನ ಮೆತ್ತನೆ ಆಹಾರದಲ್ಲಿ ಮುಕ್ಕಾಲಿಗೂ ಹೆಚ್ಚು. 4 ಕಿಲೋ ಬೆಕ್ಕು ಬರೀ ಒಣ ಕಾಳು ತಿಂದರೆ ಉಳಿದ ನೀರನ್ನೆಲ್ಲ ಕುಡಿದೇ ತುಂಬಿಕೊಳ್ಳಬೇಕು, ಆದರೆ ಬೆಕ್ಕಿನ ಬಾಯಾರಿಕೆ ಸ್ವಭಾವದಲ್ಲೇ ಕಡಿಮೆ. ಆದ್ದರಿಂದ ಎರಡು ದಿನ ಒಣ ಕಾಳು ನಿಲ್ಲಿಸಿ. ಇಲ್ಲವೇ ಅದನ್ನು ಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿ ಕೊಡಿ.

ಕುಡಿಸುವ ಸುಲಭ ದಾರಿ ಕೋಳಿಯ ತಿಳಿ ಸಾರು. 200 ಗ್ರಾಂ ಕೋಳಿಯನ್ನು ಒಂದು ಲೀಟರ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಸೋಸಿ, ಆರಿಸಿ, ಮೇಲೆ ಕಟ್ಟಿದ ಕೊಬ್ಬು ತೆಗೆಯಿರಿ. ಉಪ್ಪು, ಖಾರ ಬೇಡ. ಈರುಳ್ಳಿ, ಬೆಳ್ಳುಳ್ಳಿ ಹಾಕಲೇಬಾರದು, ಅವು ಎರಡೂ ಪ್ರಾಣಿಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮನೆಯ ಬಸ್ಸಾರು ಕಲಸಿದ ಮುದ್ದೆಯನ್ನು ನಾಯಿಗೆ ಹಾಕುವ ರೂಢಿ ಇರುವವರು ಇದನ್ನು ಗಮನಿಸಿ. ಮುದ್ದೆಯಿಂದ ತೊಂದರೆಯಿಲ್ಲ, ಒಗ್ಗರಣೆಯಿಂದ ಇದೆ. ಬೆಕ್ಕಿಗೆ ಈ ತಿಳಿ ಸಾರು ಹೊತ್ತಿಗೆ 3-4 ಟೀ ಚಮಚ, ನಾಯಿಗೆ ಗಾತ್ರ ನೋಡಿ ಅರ್ಧ ಲೋಟದಿಂದ ಒಂದು ಲೋಟ.

ಸಿರಿಂಜಿನಲ್ಲಿ ಕೊಡಬೇಕಾಗಿ ಬಂದರೆ ಕೋರೆಹಲ್ಲಿನ ಹಿಂದಿನ ಸಂದಿಯಲ್ಲಿ ತುದಿ ಇಟ್ಟು, ತಲೆ ನೆಟ್ಟಗಿರುವಾಗಲೇ ಅರ್ಧರ್ಧ ಮಿಲಿಲೀಟರ್ ಬಿಡಿ. ನುಂಗಿದ್ದನ್ನು ನೋಡಿಕೊಂಡು ಮುಂದಿನದು. ತಲೆ ಮೇಲೆತ್ತಿ ಹಿಡಿದು ಸುರಿದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಂತ 5: ಆಮೇಲೆ ನಾರು

ವಸಡು ಒದ್ದೆಯಾಗಿ, ಪ್ರಾಣಿ ಕುಡಿಯಲು ಶುರು ಮಾಡಿದ ಮೇಲೆ ಮಾತ್ರ ಈ ಹಂತ. ನೀರಿಲ್ಲದ ಕರುಳಿಗೆ ನಾರು ಹಾಕಿದರೆ ಗೋಡೆಗೆ ಇನ್ನೊಂದು ವರಸೆ ಇಟ್ಟಿಗೆ ಇಟ್ಟಂತೆ.

ಸಿಹಿಗುಂಬಳದ ಸಿಪ್ಪೆ, ಬೀಜ ತೆಗೆದು ಹಬೆಯಲ್ಲಿ ಬೇಯಿಸಿ, ಚಮಚದ ಬೆನ್ನಿನಿಂದ ಮಸೆದು ಗಂಟಿಲ್ಲದಂತೆ ಮಾಡಿ. ಸರಿಯಾಗಿ ಬೆಂದದ್ದು ಚಮಚ ಓರೆ ಮಾಡಿದರೆ ನಿಧಾನವಾಗಿ ಜಾರಿ ಬೀಳಬೇಕು. ಅಂಟಿಕೊಂಡು ನಿಂತರೆ ಇನ್ನೆರಡು ಚಮಚ ಬಿಸಿನೀರು ಸೇರಿಸಿ. ಬೆಲ್ಲ, ಹಾಲು, ಏಲಕ್ಕಿ ಬೇಡ. ಬೆಕ್ಕಿಗೆ ಹೊತ್ತಿಗೆ 1-2 ಟೀ ಚಮಚ, 10 ಕಿಲೋದೊಳಗಿನ ನಾಯಿಗೆ 1 ದೊಡ್ಡ ಚಮಚ, ಅದಕ್ಕಿಂತ ದೊಡ್ಡದಕ್ಕೆ 2-4 ದೊಡ್ಡ ಚಮಚ, ಊಟದ ಜೊತೆ ಕಲಸಿ ದಿನಕ್ಕೆ ಎರಡು ಹೊತ್ತು. ಉಳಿದದ್ದನ್ನು ಐಸ್ ಟ್ರೇಯಲ್ಲಿ ಫ್ರೀಜ್ ಮಾಡಿಟ್ಟುಕೊಳ್ಳಬಹುದು.

ಕುಂಬಳ ಮುಟ್ಟದ ಪ್ರಾಣಿಗೆ ಇಸಬಗೋಲ್: ಬೆಕ್ಕಿಗೆ ಕಾಲು ಟೀ ಚಮಚ, ಸಣ್ಣ ನಾಯಿಗೆ ಅರ್ಧ, ದೊಡ್ಡದಕ್ಕೆ 1-2 ಟೀ ಚಮಚ. ಒಂದು ಪಾಲು ಹೊಟ್ಟಿಗೆ ಹತ್ತು ಪಾಲು ನೀರು ಹಾಕಿ ಹತ್ತು ನಿಮಿಷ ಬಿಟ್ಟು, ಲೋಳೆಯಾದ ಮೇಲೆ ಊಟಕ್ಕೆ ಬೆರೆಸಿ. ಒಣ ಹೊಟ್ಟನ್ನು ಹಾಗೇ ಉದುರಿಸಿದರೆ ಅದು ಒಳಗೆ ಹೋಗಿ ಉಬ್ಬುತ್ತದೆ. ಎರಡನ್ನೂ ಒಟ್ಟಿಗೆ ಕೊಡಬೇಡಿ.

ನಾಯಿಯನ್ನು ಊಟವಾದ ಕಾಲು ಗಂಟೆಗೆ ಇಪ್ಪತ್ತು ನಿಮಿಷ ನಿಧಾನವಾಗಿ ನಡೆಸಿ. ಹೊಟ್ಟೆ ತುಂಬಿದಾಗ ದೊಡ್ಡ ಕರುಳು ತಾನಾಗಿ ಮಿಸುಕುತ್ತದೆ, ನಡಿಗೆ ಅದಕ್ಕೆ ಒತ್ತಾಸೆ. ಓಟ ಬೇಡ. ಹೆಚ್ಚು ಕಡಿಮೆ 12ರಿಂದ 24 ಗಂಟೆಯಲ್ಲಿ ಫಲ ಕಾಣಬೇಕು. ಮೊದಲು ಮೇಕೆ ಹಿಕ್ಕೆಯಂಥ ಗುಂಡು, ಅದರ ಹಿಂದೆ ಮೆತ್ತನೆಯದು ಬಂದರೆ ದಾರಿ ತೆರೆದಿದೆ ಎಂದರ್ಥ.

ಹಂತ 6: ಔಷಧ, ವೈದ್ಯರ ಮಾತಿನ ಮೇಲೆ

ಪಶುವೈದ್ಯರು ಹೆಚ್ಚಾಗಿ ಬರೆಯುವುದು ಲ್ಯಾಕ್ಟುಲೋಸ್ ಸಿರಪ್. ಅದು ರಕ್ತಕ್ಕೆ ಸೇರದೆ ಕರುಳಿನಲ್ಲೇ ಉಳಿದು ಅಲ್ಲಿಗೆ ನೀರು ಸೆಳೆಯುತ್ತದೆ. ಸಾಮಾನ್ಯವಾಗಿ ಕಿಲೋಗೆ ಅರ್ಧ ಮಿಲಿಲೀಟರಿನಿಂದ ಶುರು ಮಾಡಿ ದಿನಕ್ಕೆ ಎರಡು-ಮೂರು ಸಲ. ಮಲ ತೀರಾ ಸಡಿಲವಾದರೆ ಅಳತೆ ಇಳಿಸುತ್ತಾರೆ. ನಿಮ್ಮ ಪ್ರಾಣಿಗೆ ಎಷ್ಟು ಎಂದು ಫೋನಿನಲ್ಲಾದರೂ ಕೇಳಿಯೇ ಕೊಡಿ. ಬಾಟಲಿ ಕೊಳ್ಳುವಾಗ ಬೇರೆ ಔಷಧ ಬೆರೆತಿಲ್ಲವೇ ಓದಿ. ಸಕ್ಕರೆ ರಹಿತ ಎಂದಿದ್ದು ಕ್ಸೈಲಿಟಾಲ್ ಎಂಬ ಸಿಹಿಕಾರಕ ಇದ್ದರೆ ಅದು ನಾಯಿಗೆ ವಿಷ.

ಕೊಡಲೇಬಾರದ್ದು, ಯಾಕೆಂದರೆ

ಮನುಷ್ಯರ ಸೋಡಿಯಂ ಫಾಸ್ಫೇಟ್ ಎನಿಮಾ: ಬೆಕ್ಕಿಗೂ ಸಣ್ಣ ನಾಯಿಗೂ ಪ್ರಾಣಾಂತಿಕ. ಫಾಸ್ಫೇಟ್ ರಕ್ತಕ್ಕೆ ನುಗ್ಗಿ ಕ್ಯಾಲ್ಸಿಯಂ ಕುಸಿಯುತ್ತದೆ, ಫಿಟ್ಸ್ ಬರುತ್ತದೆ. ಬೆಕ್ಕಿಗೆ ಇದಕ್ಕಿಂತ ಅಪಾಯದ ವಸ್ತು ಮೆಡಿಕಲ್ ಸ್ಟೋರಿನಲ್ಲಿ ಹೆಚ್ಚಿಲ್ಲ.

ಹರಳೆಣ್ಣೆ ಕರುಳನ್ನು ಕೆರಳಿಸಿ ಹಿಂಡುತ್ತದೆ. ದಾರಿ ಮುಚ್ಚಿದ್ದರೆ ಆ ಹಿಂಡುವಿಕೆಗೆ ಕರುಳು ಹರಿಯಬಹುದು. ಲಿಕ್ವಿಡ್ ಪ್ಯಾರಾಫಿನ್‌ಗೆ ರುಚಿಯೇ ಇಲ್ಲದ್ದರಿಂದ ಗಂಟಲಿಗೆ ಅದು ತಿಳಿಯುವುದಿಲ್ಲ, ನೇರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ. ಚಮಚಗಟ್ಟಲೆ ತುಪ್ಪ ನಾಯಿಯ ಮೇದೋಜ್ಜೀರಕ ಗ್ರಂಥಿಯನ್ನು ಊದಿಸುತ್ತದೆ. ಹಾಲು ಕುಡಿಸಿದರೆ ಭೇದಿಯಾಗಿ ಇರುವ ನೀರೂ ಹೋಗುತ್ತದೆ. ಸೋಪಿನ ಚೂರು ಗುದಕ್ಕಿಡುವುದು ಒಳಚರ್ಮವನ್ನು ಸುಡುತ್ತದೆ.

ಇನ್ನು ಒಣದ್ರಾಕ್ಷಿ. ಮಕ್ಕಳಿಗೆ ನೆನೆಸಿ ಕೊಡುವ ಮದ್ದನ್ನೇ ನಾಯಿಗೂ ಕೊಡುವವರಿದ್ದಾರೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತವೆ, ಎಷ್ಟು ತಿಂದರೆ ಅಪಾಯವಿಲ್ಲ ಎಂಬ ಅಳತೆ ಇಲ್ಲ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳಲ್ಲಿ ನಾಯಿ ಸಾಕಿರುವವರು ಉದುರಿದ ಹಣ್ಣನ್ನೂ ತಿನ್ನಲು ಬಿಡಬೇಡಿ.

ಹಂತ 7: ಕೂದಲುಂಡೆಯ ಪ್ರಶ್ನೆಯಾದರೆ

ಇದು ಬಹುಮಟ್ಟಿಗೆ ಬೆಕ್ಕಿನ ಸಮಸ್ಯೆ. ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿವೆ. ಮೈ ನೆಕ್ಕುವಾಗ ಸಿಕ್ಕ ಕೂದಲನ್ನು ಅದು ಉಗುಳಲಾರದು, ನುಂಗುತ್ತದೆ. ಬಹುಪಾಲು ಮಲದಲ್ಲಿ ಹೋಗುತ್ತದೆ, ಉಳಿದದ್ದು ಹೊಟ್ಟೆಯಲ್ಲಿ ಉಂಡೆಯಾಗಿ, ಗಂಟಲಲ್ಲಿ ಬರುವಾಗ ಸುರುಳಿಯಾಗಿ ಹೊರಬೀಳುತ್ತದೆ. ಉದ್ದ ಕೂದಲ ಬೆಕ್ಕು ಎರಡು-ಮೂರು ವಾರಕ್ಕೊಮ್ಮೆ ಒಂದು ಉಂಡೆ ಕಾರಿಕೊಂಡು ಆಮೇಲೆ ಎಂದಿನಂತೆ ತಿಂದರೆ ಚಿಂತೆಯಿಲ್ಲ. ವಾರಕ್ಕೆರಡು ಸಲವಾದರೆ ಉಂಡೆ ನೆಪ ಮಾತ್ರ. ಹಿಂದೆ ಕರುಳಿನ ಊತವೋ ಚಿಗಟದ ತುರಿಕೆಯೋ ಇರುತ್ತದೆ.

ಓಕರಿಕೆಗೂ ಕೆಮ್ಮಿಗೂ ವ್ಯತ್ಯಾಸ ತಿಳಿಯಿರಿ. ಓಕರಿಸುವ ಬೆಕ್ಕಿನ ಹೊಟ್ಟೆ ಅಲೆಯಂತೆ ಏರಿಳಿಯುತ್ತದೆ, ಕೊನೆಗೆ ಏನಾದರೂ ಬರುತ್ತದೆ. ನೆಲಕ್ಕೆ ಕವುಚಿ, ಕತ್ತು ಮುಂದೆ ಚಾಚಿ, ಗೊರಗೊರ ಕೆಮ್ಮಿ ಏನೂ ಬಾರದಿದ್ದರೆ ಆಸ್ತಮಾ ಇರಬಹುದು. ತಿಂಗಳುಗಟ್ಟಲೆ ಕೂದಲುಂಡೆಯ ಪೇಸ್ಟ್ ನೆಕ್ಕಿಸಿ ಆಸ್ತಮಾ ಬೆಳೆಸುವುದು ತೀರ ಸಾಮಾನ್ಯ ತಪ್ಪು. ವಿಡಿಯೋ ಮಾಡಿ ವೈದ್ಯರಿಗೆ ತೋರಿಸಿ, ಹತ್ತು ಮಾತಿಗಿಂತ ಅದು ಮೇಲು. ಗಂಟಲಲ್ಲಿ ಏನೋ ಸಿಕ್ಕಂತೆ ಕೆಮ್ಮುವ ನಾಯಿಗೂ ಕಾರಣ ಸಾಮಾನ್ಯವಾಗಿ ಕೂದಲಲ್ಲ, ಶ್ವಾಸನಾಳದ ಅಥವಾ ಹೃದಯದ ತೊಂದರೆ. ದೊಡ್ಡ ಜಾತಿಯ ನಾಯಿ ಹೊಟ್ಟೆ ಡೋಲಿನಂತೆ ಉಬ್ಬಿಸಿಕೊಂಡು ಬರಿದೇ ಓಕರಿಸುತ್ತಿದ್ದರೆ ಜಠರ ತಿರುಚಿಕೊಂಡಿರಬಹುದು. ಆಗ ಇರುವುದು ಗಂಟೆಗಳ ಸಮಯ.

ಮಾಡಬೇಕಾದ್ದು: ಕೂದಲುಂಡೆಗೆಂದೇ ಸಿಗುವ ಮಾಲ್ಟ್ ಪೇಸ್ಟನ್ನು ಎರಡು ಊಟಗಳ ನಡುವೆ 2-3 ಸೆಂಟಿಮೀಟರ್ ಉದ್ದ ಹಿಂಡಿ ಮುಂಗಾಲಿಗೆ ಸವರಿ, ಬೆಕ್ಕು ತಾನೇ ನೆಕ್ಕಿಕೊಳ್ಳುತ್ತದೆ. ಮೂರು-ನಾಲ್ಕು ದಿನ ಸಾಕು. ವರ್ಷವಿಡೀ ಎಣ್ಣೆ ಅಂಶದ ಪೇಸ್ಟ್ ಕೊಟ್ಟರೆ ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳು ಮೈಗೆ ಹತ್ತುವುದಿಲ್ಲ. ಹುಲ್ಲು ಬೇಕೆನಿಸಿದರೆ ಕುಂಡದಲ್ಲಿ ಗೋಧಿ ಅಥವಾ ರಾಗಿ ಚೆಲ್ಲಿ ಪೈರು ಬೆಳೆಸಿ. ಬೀಜ ಅಡುಗೆಮನೆಯದಾಗಿರಲಿ. ಬಿತ್ತನೆಗೆಂದು ತಂದ ಬೀಜಕ್ಕೆ ಔಷಧ ಸವರಿರುತ್ತಾರೆ.

ಆದರೆ ನಿಜವಾದ ಚಿಕಿತ್ಸೆ ಬಾಚಣಿಗೆಯಲ್ಲಿದೆ. ಉದ್ದ ಕೂದಲಿನದಕ್ಕೆ ದಿನಾ ಐದು ನಿಮಿಷ, ಗಿಡ್ಡ ಕೂದಲಿನದಕ್ಕೆ ವಾರಕ್ಕೆರಡು ಸಲ, ಕೊನೆಗೆ ಒದ್ದೆ ಕೈಯಿಂದ ಒಮ್ಮೆ ಸವರಿದರೆ ಸಡಿಲ ಕೂದಲೆಲ್ಲ ಬರುತ್ತದೆ. ಬಾಚಿದ್ದನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಕೊಡವಿ. ಕರಿ ಚುಕ್ಕಿ ಕರಗಿ ಕೆಂಪಾದರೆ ಅದು ಚಿಗಟದ ಹಿಕ್ಕೆ. ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಚಿಗಟದ ಔಷಧವನ್ನು ಬೆಕ್ಕಿಗೆ ಎಂದೂ ಹಾಕಬೇಡಿ.

ಆಸ್ಪತ್ರೆಗೆ ಹೊರಡುವಾಗ

ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ದನ, ಕುರಿಗಳ ಕೆಲಸವೇ ಹೆಚ್ಚು. ಎಕ್ಸ್‌ರೇ ಇದೆಯೇ, ಬೆಕ್ಕಿಗೆ ಅರಿವಳಿಕೆ ಕೊಟ್ಟು ಮಲ ತೆಗೆಯುವ ವ್ಯವಸ್ಥೆ ಇದೆಯೇ ಎಂದು ಫೋನಿನಲ್ಲಿ ಕೇಳಿಕೊಂಡೇ ಹೊರಡಿ. ಇಲ್ಲವೆಂದರೆ ಅಲ್ಲೇ ಡ್ರಿಪ್ ಹಾಕಿಸಿಕೊಂಡು ಜಿಲ್ಲಾ ಕೇಂದ್ರಕ್ಕೋ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಬೇಕಾಗಬಹುದು. ಚಿಕ್ಕಬಳ್ಳಾಪುರದಿಂದ ಬರುವವರಿಗೆ ಹೆಬ್ಬಾಳ ಬಳ್ಳಾರಿ ರಸ್ತೆಯಲ್ಲೇ ಸಿಗುತ್ತದೆ. ಬೆಕ್ಕನ್ನು ಗಾಳಿಯಾಡುವ ಬುಟ್ಟಿಯಲ್ಲಿ ಟವೆಲ್ ಹಾಸಿ ಒಯ್ಯಿರಿ. ಕೊನೆಯ ಮಲದ ಚೂರು ಅಥವಾ ಫೋಟೋ, ಕೊನೆಯ ಸಲ ಮೂತ್ರ ಮಾಡಿದ ಹೊತ್ತು, ಕೊಟ್ಟ ಮನೆಮದ್ದಿನ ಹೆಸರು ಮತ್ತು ಅಳತೆ ಚೀಟಿಯಲ್ಲಿರಲಿ. ಹರಳೆಣ್ಣೆ ಕುಡಿಸಿದ್ದರೆ ಮುಚ್ಚಿಡಬೇಡಿ. ಅರಿವಳಿಕೆ ಕೊಡುವ ಮುಂಚೆ ವೈದ್ಯರಿಗೆ ಅದು ತಿಳಿದಿರಲೇಬೇಕು.